ಅವ್ವನ ಪಾದ ಊದಿಕೊಳ್ಳುತ್ತಿವೆ, ಏಳು ಗುಳಿಗೆಗಳಲ್ಲಿ ಯಾವುದರ ಮೇಲೆ ಅನುಮಾನಪಡಲಿ?

ನೀವು ಹಾಕಿದ ಪಟ್ಟಿ ಓದುತ್ತಾ ಎರಡನೇ ಸಾಲಿಗೇ ನಿಂತುಬಿಟ್ಟೆ. ಅದನ್ನು ಮೊದಲು ಹೇಳುತ್ತೇನೆ, ಉಳಿದದ್ದು ಆಮೇಲೆ.

ಅವ್ವ ಗದಗಿನಿಂದ ಮುಂಬೈ ಹತ್ತಿರದ ಕಲ್ಯಾಣಕ್ಕೆ ಬಂದು ಎರಡು ತಿಂಗಳಾಯಿತು, ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ, ಈಗ ಸಂಜೆಯಾದರೆ ಎರಡೂ ಪಾದ ಊದಿ ಚಪ್ಪಲಿ ಹಿಡಿಸುವುದಿಲ್ಲ ಅಂತ ಬರೆದಿದ್ದೀರಿ. ಊರಿನ ಡಾಕ್ಟರ್ ಬಿಪಿಗೆ ಕೊಟ್ಟಿದ್ದ ಆಮ್ಲೊಡಿಪಿನ್ 5 ಇನ್ನೂ ನಡೆದಿದೆ. ಇಲ್ಲಿ ಬಿಪಿ ಜಾಸ್ತಿ ಬಂತು ಅಂತ ಟೆಲ್ಮಿಸಾರ್ಟಾನ್ 40 ಎಎಂ ಸೇರಿದೆ. ಜೊತೆಗೆ ಶುಗರ್‌ಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಒಟ್ಟಿಗಿರುವ ಗುಳಿಗೆ, ಥೈರಾಯ್ಡ್ ಗುಳಿಗೆ, ಹೊಟ್ಟೆ ಉರಿಗೆ ಪ್ಯಾಂಟೊಪ್ರಜೋಲ್, ಕ್ಯಾಲ್ಸಿಯಂ, ಮೊಣಕಾಲು ನೋವಿಗೆ ಡೈಕ್ಲೊಫೆನಾಕ್. ನೆಟ್‌ನಲ್ಲಿ ಒಂದೊಂದರ ಸೈಡ್ ಇಫೆಕ್ಟ್ ಓದಿ ಗಾಬರಿಯಾಗಿ, ಎಲ್ಲ ನಿಲ್ಲಿಸಿಬಿಡಲಾ, ಇವನ್ನೆಲ್ಲ ತಿಳಿದುಕೊಳ್ಳೋದು ಹೇಗೆ ಅಂತ ಕೇಳಿದ್ದೀರಿ.

ನಿಲ್ಲಿಸಬೇಡಿ. ಆದರೆ ಆ 'ಎಎಂ' ಇದೆಯಲ್ಲ, ಅದು ಆಮ್ಲೊಡಿಪಿನ್. ನಿಮ್ಮ ಅವ್ವ ದಿನಕ್ಕೆ ಎರಡು ಸಲ ಒಂದೇ ಔಷಧಿ ತೆಗೆದುಕೊಳ್ಳುತ್ತಿದ್ದಾರೆ ಅಂತ ನನ್ನ ಗುಮಾನಿ. ಅಲ್ಲಿಯ 5, ಇಲ್ಲಿಯ ಎಎಂ ಒಳಗೆ ಸಾಮಾನ್ಯವಾಗಿ ಇರುವ 5, ಒಟ್ಟು 10 ಮಿಲಿಗ್ರಾಂ. ಆಮ್ಲೊಡಿಪಿನ್ ದಿನಕ್ಕೆ ಹೆಚ್ಚೆಂದರೆ ಕೊಡೋದೇ ಅಷ್ಟು. ಪಾದ ಊದೋದು ಅದರ ಹೆಸರಾಂತ ಸೈಡ್ ಇಫೆಕ್ಟ್, ಡೋಸ್ ಏರಿದಂತೆ ಊತವೂ ಏರುತ್ತದೆ. ಸ್ಟ್ರಿಪ್ ತಿರುಗಿಸಿ ಹಿಂದೆ ನೋಡಿ, ಎರಡರಲ್ಲೂ ಆಮ್ಲೊಡಿಪಿನ್ ಅಂತ ಇದ್ದರೆ ಎರಡರ ಫೋಟೋ ತೆಗೆದು ಇಲ್ಲಿಯ ಡಾಕ್ಟರಿಗೆ ಇವತ್ತೇ ಕಳಿಸಿ. ಯಾವುದನ್ನು ಬಿಡಬೇಕು ಅಂತ ಅವರೇ ಹೇಳಲಿ. ಗದಗಿನ ಚೀಟಿಯನ್ನು ಅವರು ನೋಡಿಯೇ ಇರಲಿಕ್ಕಿಲ್ಲ.

ನಾನು ಡಾಕ್ಟರಲ್ಲ. ಡೊಂಬಿವಲಿ ಪೂರ್ವದಲ್ಲಿ ಮೆಡಿಕಲ್ ಅಂಗಡಿ ನಡೆಸುವ ಫಾರ್ಮಸಿಸ್ಟ್. ಓದು ಮುಗಿಸಿ ಮೊದಲ ಎರಡು ವರ್ಷ ಮುಂಬೈಯ ಪ್ರಿನ್ಸೆಸ್ ಸ್ಟ್ರೀಟಿನ ಹೋಲ್‌ಸೇಲ್ ಔಷಧಿ ಅಂಗಡಿಯಲ್ಲಿ ಪೆಟ್ಟಿಗೆ ಎತ್ತಿದವನು. ಒಂದೇ ಔಷಧಿ ಎಷ್ಟು ಹೆಸರು ಹೊತ್ತು ತಿರುಗುತ್ತದೆ ಅಂತ ಅಲ್ಲಿಯ ಕಪಾಟುಗಳನ್ನು ನೋಡಿಯೇ ಗೊತ್ತಾಗಿದ್ದು. ಕಂಪನಿ ಇಟ್ಟ ಹೆಸರು ನಾಮಕರಣದ ಹೆಸರಿದ್ದ ಹಾಗೆ, ಯಾರಿಗೆ ಏನು ಬೇಕಾದರೂ ಇಡಬಹುದು. ಒಳಗಿನ ಔಷಧಿಯ ಹೆಸರೇ ಮನೆತನದ ಹೆಸರು. ಅದು ಸ್ಟ್ರಿಪ್ ಹಿಂದೆ ಅಚ್ಚಾಗಿರುತ್ತದೆ. ಬ್ರ್ಯಾಂಡ್ ಹೆಸರಿನ ಬಾಲಕ್ಕೆ ಅಂಟಿದ ಅಕ್ಷರಗಳನ್ನೂ ಬಿಡಬೇಡಿ. ಬಿಪಿ ಗುಳಿಗೆಯಲ್ಲಿ ಎಎಂ ಅಂದರೆ ಸಾಮಾನ್ಯವಾಗಿ ಆಮ್ಲೊಡಿಪಿನ್, ಎಚ್ ಅಂದರೆ ಹೈಡ್ರೊಕ್ಲೋರೊಥಯಜೈಡ್ ಎಂಬ ಮೂತ್ರ ಹೆಚ್ಚು ಮಾಡುವ ಗುಳಿಗೆ. ಶುಗರ್ ಗುಳಿಗೆಯಲ್ಲಿ ಎಂ ಅಂದರೆ ಮೆಟ್‌ಫಾರ್ಮಿನ್.

ಆಮ್ಲೊಡಿಪಿನ್ ಸಣ್ಣ ರಕ್ತನಾಳಗಳನ್ನು ಸಡಿಲ ಮಾಡುತ್ತದೆ, ಅದಕ್ಕೇ ಬಿಪಿ ಇಳಿಯೋದು. ಒಳಗೆ ಬರುವ ದಾರಿ ಅಗಲವಾಯಿತು, ವಾಪಸ್ ಹೋಗುವ ದಾರಿ ಅಷ್ಟು ಅಗಲವಾಗಲಿಲ್ಲ ಅಂದುಕೊಳ್ಳಿ. ನೀರು ಹೊರಗೆ ಜಿನುಗಿ ಪಾದದ ಹತ್ತಿರ ನಿಲ್ಲುತ್ತದೆ. ದಿನವಿಡೀ ನಿಂತು ಓಡಾಡಿದ ಮೇಲೆ ಸಂಜೆಗೆ ಎದ್ದು ಕಾಣುತ್ತದೆ, ರಾತ್ರಿ ಮಲಗಿದರೆ ಬೆಳಿಗ್ಗೆಗೆ ಇಳಿದಿರುತ್ತದೆ. ಇದು ಮೂತ್ರಪಿಂಡ ಕೆಟ್ಟ ಊತ ಅಲ್ಲ. ಮೈಯಲ್ಲಿ ನೀರು ಜಾಸ್ತಿಯಾಗಿ ಬಂದದ್ದೂ ಅಲ್ಲ. ಅದಕ್ಕೇ ನೀರಿಳಿಸುವ ಗುಳಿಗೆ ಇದಕ್ಕೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಆದರೂ ಪಾದ ಊದಿದೆ ಅಂತ ಹೋದವರು ಆ ಎಂಟನೇ ಗುಳಿಗೆ ಬರೆಸಿಕೊಂಡು ಬರೋದನ್ನು ನನ್ನ ಕೌಂಟರಿನಲ್ಲಿ ನೋಡುತ್ತಲೇ ಇರುತ್ತೇನೆ. ಡೋಸ್ ಕಡಿಮೆ ಮಾಡಿದರೂ ಊತ ಮರುದಿನವೇ ಮಾಯವಾಗುವುದಿಲ್ಲ, ಔಷಧಿ ಮೈಯಿಂದ ನಿಧಾನಕ್ಕೆ ಹೋಗುತ್ತದೆ. ಕೆಲವು ದಿನ ಕೊಡಿ.

ಆದರೆ ಎಲ್ಲ ಊತವನ್ನೂ ಗುಳಿಗೆಯ ತಲೆಗೆ ಕಟ್ಟಬೇಡಿ. ಒಂದೇ ಕಾಲು ಊದಿ ನೋಯುತ್ತಿದ್ದರೆ, ಮಲಗಿದಾಗ ಉಸಿರು ಕಟ್ಟಿದರೆ, ಮೂತ್ರ ಕಡಿಮೆಯಾದರೆ, ಬೆಳಿಗ್ಗೆ ಏಳುವಾಗ ಮುಖ ಊದಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತುಟಿ, ನಾಲಿಗೆ ಊದಿದರಂತೂ ಒಂದು ನಿಮಿಷವೂ ತಡ ಬೇಡ.

ಈಗ ನಿಮಗೊಂದು ಪ್ರಶ್ನೆ. ಡೈಕ್ಲೊಫೆನಾಕ್ ಯಾವಾಗ ಶುರುವಾಯಿತು? ನನ್ನ ಊಹೆ ಹೀಗಿದೆ. ಅವ್ವ ಊರಲ್ಲಿ ಅಂಗಳದ ಮನೆಯಲ್ಲಿದ್ದವರು. ಇಲ್ಲಿ ದಿನಾ ಮೂರು ಮಹಡಿ ಹತ್ತಿ ಇಳಿದರು, ಮೊಣಕಾಲು ನೋವು ಬಂತು. ಯಾರೋ ನೋವಿನ ಗುಳಿಗೆ ಕೊಟ್ಟರು. ಡೈಕ್ಲೊಫೆನಾಕ್, ಐಬುಪ್ರೊಫೆನ್ ಜಾತಿಯ ಗುಳಿಗೆಗಳು ಉಪ್ಪು ನೀರನ್ನು ಮೈಯಲ್ಲೇ ಹಿಡಿದಿಡುತ್ತವೆ, ಬಿಪಿ ಏರಿಸುತ್ತವೆ. ಆ ಏರಿದ ಬಿಪಿಗೆ ಎಎಂ ಬಂತು. ಹೊಟ್ಟೆ ಉರಿಯಬಾರದು ಅಂತ ಪ್ಯಾಂಟೊಪ್ರಜೋಲ್ ಬಂತು. ಅಂದರೆ ಒಂದು ನೋವಿನ ಗುಳಿಗೆ ಎರಡು ಗುಳಿಗೆಗಳನ್ನು ಕೈ ಹಿಡಿದು ಕರೆತಂದಿರಬಹುದು. ಬರೀ ಊಹೆ, ತಪ್ಪಿರಬಹುದು. ಕ್ಯಾಲೆಂಡರ್ ತೆಗೆದು ಯಾವುದು ಯಾವ ವಾರ ಶುರುವಾಯಿತು ಅಂತ ಬರೆಯಿರಿ, ಗೊತ್ತಾಗುತ್ತದೆ.

ಊಹೆ ತಪ್ಪಾದರೂ ಒಂದು ಮಾತು ನಿಜ. ವಯಸ್ಸಾದವರು ಟೆಲ್ಮಿಸಾರ್ಟಾನ್ ಜೊತೆ ಡೈಕ್ಲೊಫೆನಾಕ್ ದಿನಾ ನುಂಗೋದು ಮೂತ್ರಪಿಂಡಕ್ಕೆ ಒಳ್ಳೆಯದಲ್ಲ. ಚೀಟಿಯಲ್ಲಿ ಅದರ ಮುಂದೆ 'ಎಸ್‌ಒಎಸ್' ಅಂತ ಇದೆಯಾ ನೋಡಿ. ಬೇಕೆನಿಸಿದಾಗ ಮಾತ್ರ ಅಂತ ಅದರರ್ಥ. ಎಷ್ಟೋ ಜನ ಅದನ್ನು ದಿನಕ್ಕೆರಡು ಅಂತ ತಿಳಿದು ತಿಂಗಳುಗಟ್ಟಲೆ ನುಂಗಿರುತ್ತಾರೆ. ನೋವಿಗೆ ಪ್ಯಾರಾಸಿಟಮಾಲ್ ಸಾಕಾ, ಹಚ್ಚುವ ಜೆಲ್ ಆಗುತ್ತಾ ಅಂತ ಡಾಕ್ಟರನ್ನು ಕೇಳಿ. ಮೂತ್ರಪಿಂಡ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಇತ್ತೀಚೆಗೆ ಮಾಡಿಸಿಲ್ಲದಿದ್ದರೆ ಅದನ್ನೂ ಕೇಳಿ.

ಇಷ್ಟು ಜೋರಾಗಿ ಹೇಳೋಕೆ ಕಾರಣ ನನ್ನ ಅಪ್ಪ. ಮುಂಬೈಯ ಫೋರ್ಟ್‌ನಲ್ಲಿ ಕ್ಯಾಂಟೀನ್ ನಡೆಸಿ ನಿವೃತ್ತರಾಗಿ ಮನೆಯಲ್ಲಿದ್ದರು. ಒಂದು ಸಲ ಒಣಕೆಮ್ಮು ಹಿಡಿಯಿತು. ಕಫ ಇಲ್ಲ, ಜ್ವರ ಇಲ್ಲ, ಸುಮ್ನೆ ಕೆಮ್ಮು. ರಾತ್ರಿ ಎದ್ದು ಕೂತು ಗೋಡೆ ಹಿಡಿದು ಕೆಮ್ಮುತ್ತಿದ್ದರು. ನಾನೇ ಅಂಗಡಿಯಿಂದ ಸಿರಪ್ ತಂದೆ. ಒಂದು ಬಾಟಲಿ ಖಾಲಿಯಾಯಿತು, ಇನ್ನೊಂದು ತಂದೆ, ಬೇರೆ ಬಣ್ಣದ್ದು. ಮುಂಬೈಯಲ್ಲಿ ಮೂರು ವಾರ ಕೆಮ್ಮಿದರೆ ಟಿಬಿ ಭಯ ಬಂದೇ ಬರುತ್ತೆ, ಅಲ್ವಾ? ಎಕ್ಸ್‌ರೇ ಆಯಿತು, ಕಫದ ಪರೀಕ್ಷೆಗೆ ಕಫವೇ ಬರಲಿಲ್ಲ. ನಾಲ್ಕು ತಿಂಗಳು ಹೀಗೇ ಹೋಯಿತು. ಕೊನೆಗೆ ಒಬ್ಬ ವಯಸ್ಸಾದ ಡಾಕ್ಟರ್, ಎದೆ ಮುಟ್ಟುವ ಮೊದಲೇ, "ಬಿಪಿಗೆ ಏನು ತಗೋತೀರಿ?" ಅಂದರು. ಅಪ್ಪ ಅಂಗಿ ಜೇಬಿಂದ ಸ್ಟ್ರಿಪ್ ತೆಗೆದರು. ರಾಮಿಪ್ರಿಲ್. ಅದನ್ನು ಬದಲಿಸಿ ಬೇರೆ ಕೊಟ್ಟರು, ಮೂರು ವಾರಕ್ಕೆ ಕೆಮ್ಮು ನಿಂತಿತು. ರಾಮಿಪ್ರಿಲ್, ಎನಾಲಪ್ರಿಲ್ ತರದ ಗುಳಿಗೆಗಳಿಂದ ಒಣಕೆಮ್ಮು ಬರುತ್ತದೆ ಅಂತ ನಾನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದವನು. ಆ ಸ್ಟ್ರಿಪ್ ತಿಂಗಳು ತಿಂಗಳು ಅಪ್ಪನ ಕೈಗೆ ಕೊಟ್ಟಿದ್ದೂ ನಾನೇ.

ಅವತ್ತಿನಿಂದ ಕೌಂಟರಿಗೆ ಬಂದು ಹೊಸ ತೊಂದರೆ ಹೇಳುವ ಹಿರಿಯರಿಗೆ ನಾನು ಮೊದಲು ಕೇಳೋದು ಇದೊಂದೇ: ಇತ್ತೀಚೆಗೆ ಯಾವ ಗುಳಿಗೆ ಹೊಸದಾಗಿ ಬಂತು, ಯಾವುದರ ಡೋಸ್ ಬದಲಾಯಿತು? ಹೊಸ ತೊಂದರೆಗೆ ಹೊಸ ಗುಳಿಗೆ ಹುಡುಕೋದು ಆಮೇಲೆ.

ಉಳಿದ ಗುಳಿಗೆಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ.

ಥೈರಾಯ್ಡ್ ಗುಳಿಗೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬರೀ ನೀರಲ್ಲಿ. ಚಹಾಕ್ಕೆ ಅರ್ಧದಿಂದ ಒಂದು ಗಂಟೆ ಕಾಯಬೇಕು. ಕ್ಯಾಲ್ಸಿಯಂ ಜೊತೆಗಂತೂ ಬೇಡವೇ ಬೇಡ, ನಾಲ್ಕು ಗಂಟೆ ಅಂತರ ಇರಲಿ. ಕ್ಯಾಲ್ಸಿಯಂ ಅದನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತದೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ. ಎರಡನ್ನೂ ಒಂದೇ ಗುಟುಕಿಗೆ ನುಂಗಿ, ಥೈರಾಯ್ಡ್ ರಿಪೋರ್ಟ್ ಸರಿಹೋಗುತ್ತಿಲ್ಲ ಅಂತ ಡೋಸ್ ಏರಿಸಿಕೊಳ್ಳುವವರು ಬಹಳ ಜನ. ಕ್ಯಾಲ್ಸಿಯಂ ಮಧ್ಯಾಹ್ನದ ಊಟದ ಜೊತೆ ಆಗಲಿ.

ಶುಗರ್ ಗುಳಿಗೆಯಲ್ಲಿ ಎರಡಿವೆ, ಎರಡರ ಸ್ವಭಾವ ಬೇರೆ ಬೇರೆ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಂಡರೆ ಶುಗರ್ ಅಪಾಯದ ಮಟ್ಟಕ್ಕೆ ಬೀಳೋದು ಅಪರೂಪ. ಹೊಟ್ಟೆ ತೊಳಸುವಿಕೆ, ಭೇದಿ ಅದರ ಮಾಮೂಲಿ ಕಾಟ, ಊಟದ ಜೊತೆ ತೆಗೆದುಕೊಂಡರೆ ಕಡಿಮೆ. ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಇಳಿಯಬಹುದು. ಪಾದ ಜೋಮು ಹಿಡಿದರೆ ಶುಗರ್‌ನಿಂದಲೇ ಅಂತ ತೀರ್ಮಾನಿಸದೆ ಬಿ12 ಕೂಡ ಪರೀಕ್ಷೆ ಮಾಡಿಸಿ. ಗ್ಲಿಮೆಪಿರೈಡ್ ಹಾಗಲ್ಲ. ಊಟ ತಪ್ಪಿಸಿ ಅದನ್ನು ನುಂಗಿದರೆ ಶುಗರ್ ಧಡ್ ಅಂತ ಬೀಳುತ್ತದೆ. ನಮ್ಮ ಕಡೆ ಹೆಂಗಸರು ಶ್ರಾವಣ ಸೋಮವಾರ ಉಪವಾಸ ಮಾಡುತ್ತಾರೆ, ಗುಳಿಗೆ ಮಾತ್ರ ತಪ್ಪಿಸುವುದಿಲ್ಲ. ಹೋದ ಶ್ರಾವಣದಲ್ಲಿ ಹುಬ್ಬಳ್ಳಿ ಕಡೆಯ ಒಬ್ಬ ಅಜ್ಜಿ ನನ್ನ ಅಂಗಡಿ ಮೆಟ್ಟಿಲ ಮೇಲೇ ಕುಸಿದು ಕೂತರು. ಮೈಯೆಲ್ಲ ಬೆವರು, ಕೈ ನಡುಕ, ಮಾತು ತಡವರಿಕೆ. ಪಕ್ಕದ ಚಹಾದಂಗಡಿಯಿಂದ ಮೂರು ಚಮಚ ಸಕ್ಕರೆ ತರಿಸಿ ನೀರಲ್ಲಿ ಕದಡಿ ಕುಡಿಸಿದೆ. ಹತ್ತು ಹದಿನೈದು ನಿಮಿಷಕ್ಕೆ ಕಣ್ಣು ಬಿಟ್ಟು ನೋಡಿ, "ಯಪ್ಪಾ, ನನ್ನ ಉಪವಾಸ ಕೆಡಿಸಿದ್ಯಲ್ಲೋ" ಅಂದರು. ಉಪವಾಸದ ದಿನ ಗುಳಿಗೆ ಹೇಗೆ ಅಂತ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ಆಸ್ಪತ್ರೆಗೇ ಒಯ್ಯಬೇಕು.

ಪ್ಯಾಂಟೊಪ್ರಜೋಲ್ ತಿಂಡಿಗೆ ಅರ್ಧ ಗಂಟೆ ಮುಂಚೆ. ಆದರೆ ಅದಿನ್ನೂ ಬೇಕಾ? ನೋವಿನ ಗುಳಿಗೆಗೆ ಜೊತೆಗಾರನಾಗಿ ಬಂದಿದ್ದರೆ, ಅದು ನಿಂತಾಗ ಇದೂ ನಿಲ್ಲಬಹುದಾ ಕೇಳಿ. ಬಹಳ ವರ್ಷ ನಡೆದರೆ ಇದರಿಂದಲೂ ಬಿ12, ಮೆಗ್ನೀಸಿಯಂ ಇಳಿಯಬಹುದು.

ಪ್ಯಾರಾಸಿಟಮಾಲ್ ಹೆಸರು ತೆಗೆದೆನಲ್ಲ, ಅದು ಸಾಧು ಔಷಧಿ, ಆದರೆ ಲೆಕ್ಕ ತಪ್ಪಬಾರದು. ದೊಡ್ಡವರಿಗೆ 24 ಗಂಟೆಯಲ್ಲಿ ಹೆಚ್ಚೆಂದರೆ 4 ಗ್ರಾಂ. ಮೈ ತೂಕ ಕಡಿಮೆ ಇರುವವರಿಗೆ, ಕುಡಿಯುವವರಿಗೆ ಅದಕ್ಕಿಂತ ಕಡಿಮೆ. ನೆಗಡಿ ಗುಳಿಗೆಗಳ ಹಲವು ಬ್ರ್ಯಾಂಡ್‌ಗಳಲ್ಲೂ ಅದು ಇರುತ್ತದೆ. ಅದೊಂದು, ಇದೊಂದು ಅಂತ ನುಂಗಿದರೆ ಲಿವರ್‌ಗೆ ಪೆಟ್ಟು. ಮಳೆಗಾಲದಲ್ಲಿ ಇಲ್ಲಿ ಡೆಂಗಿ ಇದ್ದೇ ಇರುತ್ತದೆ. ಜ್ವರ ಯಾವುದು ಅಂತ ಗೊತ್ತಾಗುವ ತನಕ ಐಬುಪ್ರೊಫೆನ್, ಆಸ್ಪಿರಿನ್, ಡೈಕ್ಲೊಫೆನಾಕ್ ಮುಟ್ಟಬೇಡಿ, ರಕ್ತಸ್ರಾವದ ಅಪಾಯ. ಹೃದಯಕ್ಕೆ ಅಂತ ದಿನಾ ಆಸ್ಪಿರಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಬೇಕು, ತಾವೇ ನಿಲ್ಲಿಸಬಾರದು.

ನೆಟ್‌ನಲ್ಲಿ ಓದಿದ ಪಟ್ಟಿಗೆ ಹೆದರಬೇಡಿ. ಅಲ್ಲಿ ಸಾಮಾನ್ಯ, ಅಪರೂಪ ಅಂತ ಬರೆದ ಮಾತುಗಳಿಗೆ ಲೆಕ್ಕ ಇದೆ. ಸಾಮಾನ್ಯ ಅಂದರೆ ನೂರು ಜನರಲ್ಲಿ ಒಬ್ಬರಿಂದ ಹತ್ತು ಜನರವರೆಗೆ. ಅಪರೂಪ ಅಂದರೆ ಸಾವಿರಕ್ಕೆ ಒಬ್ಬರಿಗಿಂತಲೂ ಕಡಿಮೆ. ಮೊದಲ ನಾಲ್ಕೈದು ಸಾಲು ಓದಿ, ಗಂಭೀರ ಅಂತ ಗುರುತಿಸಿದ್ದನ್ನು ಓದಿ, ಅಲ್ಲಿಗೆ ಬಿಡಿ. ಗುಳಿಗೆಯಿಂದಲೇ ತೊಂದರೆಯಾಯಿತು ಅನಿಸಿದರೆ ಸರ್ಕಾರದ ಸಹಾಯವಾಣಿ 1800-180-3024ಕ್ಕೆ ನೀವೇ ವರದಿ ಕೊಡಬಹುದು. ಇದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಇನ್ನೊಂದು ಮಾತು, ನಮ್ಮ ಧಂಧೆಯವರ ಮೇಲೇ ದೂರು. ಹತ್ತರ ಸ್ಟ್ರಿಪ್‌ನಲ್ಲಿ ನಾಲ್ಕು ಕೇಳಿದರೆ ಕತ್ತರಿ ಹಾಕಿ ಕೊಡುತ್ತೇವೆ. ಹೆಸರು ಒಂದು ಕಡೆ, ಎಕ್ಸ್‌ಪೈರಿ ಇನ್ನೊಂದು ಕಡೆ ಹೋಗುತ್ತದೆ. ನಿಮ್ಮ ಅವ್ವನ ಡಬ್ಬಿಯಲ್ಲಿ ಇಂಥ ಹೆಸರಿಲ್ಲದ ತುಂಡುಗಳು ಖಂಡಿತ ಇರುತ್ತವೆ. ಗುರುತು ಸಿಗದ್ದನ್ನು ಊಹೆಯ ಮೇಲೆ ನುಂಗಿಸಬೇಡಿ. ಪೂರ್ತಿ ಸ್ಟ್ರಿಪ್ ಕೇಳಿ, ಹಿಂದೆ ಮಾರ್ಕರ್‌ನಿಂದ ಕನ್ನಡದಲ್ಲಿ ಬರೆಯಿರಿ: "ಬಿಪಿ, ಬೆಳಿಗ್ಗೆ". "ಶುಗರ್, ಊಟದ ಜೊತೆ". ಬಿಳಿ ಗುಳಿಗಿ, ಕೆಂಪು ಗುಳಿಗಿ ಅಂತ ನೆನಪಿಟ್ಟುಕೊಂಡರೆ ಕಂಪನಿ ಬದಲಾದ ದಿನ ಬಣ್ಣವೂ ಬದಲಾಗುತ್ತದೆ.

ಡಾಕ್ಟರ್ ಹತ್ತಿರ ಹೋಗುವಾಗ ಡಬ್ಬಿಯನ್ನೇ ಎತ್ತಿಕೊಂಡು ಹೋಗಿ, ಗದಗಿನ ಸ್ಟ್ರಿಪ್ ಮೇಲೆ ಇರಲಿ. ಅವ್ವನಿಗೆ ಮರಾಠಿ ಬರುವುದಿಲ್ಲ, ಡಾಕ್ಟರಿಗೆ ಕನ್ನಡ ಬರುವುದಿಲ್ಲ ಅಂದಿರಲ್ಲ. ಒಂದೇ ವಾಕ್ಯ ಕಲಿಸಿ: "ಗೋಳ್ಯಾ ಬದಲಲ್ಯಾಪಾಸೂನ್ ಪಾಯ್ ಸುಜತಾತ್." ಗುಳಿಗೆ ಬದಲಾದಾಗಿನಿಂದ ಕಾಲು ಊದುತ್ತಿವೆ ಅಂತ. ಅವ್ವನೇ ಹೇಳಲಿ, ನೀವು ಸ್ಟ್ರಿಪ್ ಹಿಡಿದು ಪಕ್ಕದಲ್ಲಿ ನಿಂತಿರಿ.