ಬೆಣಚುಕಲ್ಲಿಗೆ ಕೆಂಪು ಬಂದದ್ದು ಎಲ್ಲಿಂದ?

ಪ್ರಶ್ನೆ: ನಮ್ಮ ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆಯುವಾಗ ಬೆಣಚುಕಲ್ಲಿನ ದೊಡ್ಡ ಗಟ್ಟಿಯೊಂದು ಸಿಕ್ಕಿತು. ಅದರ ಪೊಳ್ಳಿನಲ್ಲಿ ಆರು ಮುಖದ ಸಣ್ಣ ಹರಳುಗಳಿದ್ದು, ಕೆಲವು ಕೆಂಪಗೆ, ಕೆಲವು ಜೇನಿನ ಬಣ್ಣಕ್ಕಿವೆ. ಎಷ್ಟು ತೊಳೆದರೂ ಬಣ್ಣ ಹೋಗಲಿಲ್ಲ. ಇವು ಹೇಗೆ ಉಂಟಾದವು? ಇವಕ್ಕೆ ಬೆಲೆಯಿದೆಯೇ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಬೆಣಚು ಎಂದರೆ ಸಿಲಿಕಾನ್ ಮತ್ತು ಆಮ್ಲಜನಕ ಸೇರಿ ಆದ ಸ್ಫಟಿಕವೇ. ನೆಲದ ಆಳದಲ್ಲಿ ಹೆಚ್ಚಿನ ಒತ್ತಡಕ್ಕೆ ಸಿಲುಕಿದ ಬಿಸಿನೀರು ಬಂಡೆಗಳ ಸಿಲಿಕಾವನ್ನು (ಸಿಲಿಕಾನ್ ಮತ್ತು ಆಮ್ಲಜನಕದ ಇದೇ ಸಂಯುಕ್ತವನ್ನು) ಕರಗಿಸಿಕೊಂಡು ಬಿರುಕುಗಳಲ್ಲಿ ಮೇಲೇರುತ್ತದೆ. ತಣಿಯುತ್ತಾ ಬಂದಂತೆ ಅಷ್ಟನ್ನೂ ಹಿಡಿದಿಟ್ಟುಕೊಳ್ಳಲಾರದೆ ಬಿರುಕಿನ ಗೋಡೆಗಳ ಮೇಲೆ ಬಿಟ್ಟುಹೋಗುತ್ತದೆ. ಜಾಗ ಇಕ್ಕಟ್ಟಾದಲ್ಲಿ ಹರಳುಗಳು ಒಂದನ್ನೊಂದು ಒತ್ತಿಕೊಂಡು ಆಕಾರವಿಲ್ಲದ ಗಟ್ಟಿಯಾಗುತ್ತವೆ (ಒಳಗೆ ಸಿಕ್ಕಿಕೊಂಡ, ಕಣ್ಣಿಗೆ ಕಾಣದ ನೀರಿನ ಗುಳ್ಳೆಗಳು ಬೆಳಕನ್ನು ಚದುರಿಸುವುದರಿಂದ ಆ ಹಾಲುಬಿಳುಪು). ಪೊಳ್ಳು ಉಳಿದಲ್ಲಿ ಮಾತ್ರ ಅವಕ್ಕೆ ಆರು ಮುಖವೂ ಚೂಪು ತುದಿಯೂ ಮೂಡುತ್ತವೆ.

ಶುದ್ಧ ಸ್ಫಟಿಕಕ್ಕೆ ಬಣ್ಣವಿಲ್ಲ. ನಿಮ್ಮ ಹರಳಿನ ಕೆಂಪು ಹೆಮಟೈಟ್‌ನದು, ಜೇನುಬಣ್ಣ ಗೋಥೈಟ್‌ನದು; ಎರಡೂ ಕಬ್ಬಿಣದ ಖನಿಜಗಳು. ಮಲೆನಾಡಿನಲ್ಲಿ ಕಬ್ಬಿಣಕ್ಕೆ ಬರವಿಲ್ಲವೆಂಬುದನ್ನು ಕೆಮ್ಮಣ್ಣುಗುಂಡಿಯ ಹೆಸರೇ ಹೇಳುತ್ತದೆ; ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದೂ ಅಲ್ಲಿಂದಲೇ. ಮಳೆನೀರು ಬಂಡೆಯ ಸಿಲಿಕಾವನ್ನು ತೊಳೆದೊಯ್ದು ಕಬ್ಬಿಣವನ್ನೂ ಅಲ್ಯೂಮಿನಿಯಮ್ಮನ್ನೂ ಉಳಿಸಿದ್ದರಿಂದ ನಮ್ಮ ಜಂಬಿಟ್ಟಿಗೆ ಕಲ್ಲು ಆಯಿತು. ನೆಲದಡಿಯ ನೀರಿನಲ್ಲಿ ಕರಗಿದ್ದ ಕಬ್ಬಿಣ ಗಾಳಿ ಸೋಕಿದಾಗ ತುಕ್ಕಾಗಿ ಕೂರುತ್ತದೆ. ಗದ್ದೆಯಂಚಿನ ಒರತೆಯಲ್ಲಿ ಕಾಣುವ ಕಿತ್ತಳೆ ಬಣ್ಣದ ಬಗ್ಗಡ ಅದೇ. ಅಂಥ ನೀರು ಕೂದಲೆಳೆಯ ಬಿರುಕಿಗೆ ಇಳಿದರೆ, ಅಲ್ಲಿ ಕುಳಿತ ಬಣ್ಣವನ್ನು ಬ್ರಷ್ಷು ಮುಟ್ಟಲಾರದು.

ಆದರೆ ಹರಳು ಬೆಳೆಯುವಾಗಲೇ ಕಬ್ಬಿಣದ ಕಣಗಳು ಒಳಗೆ ಸೇರಿಕೊಂಡಿರಲೂಬಹುದು. ಒಂದು ಮೊಳೆಯಿಂದ ಕೆರೆದು ನೋಡಿ: ಮೇಲಿನ ಲೇಪವಾದರೆ ಪುಡಿಯಾಗಿ ಉದುರುತ್ತದೆ, ಸ್ಫಟಿಕಕ್ಕೆ ಮೊಳೆಯ ಗೀರು ಬೀಳುವುದಿಲ್ಲ. ಒಡೆದ ಚೂರಿನ ನಡುವಿನಲ್ಲೂ, ಬಿರುಕಿಲ್ಲದ ಕಡೆ, ಬಣ್ಣವಿದ್ದರೆ ಅದು ಹುಟ್ಟಿನೊಡನೆ ಬಂದದ್ದು.

ನೇರಳೆ ಬಣ್ಣದ ಸ್ಫಟಿಕವಾದ ಅಮೆಥಿಸ್ಟ್‌ನ ಕಥೆ ಇನ್ನೂ ಸ್ವಾರಸ್ಯಕರ. ಅಲ್ಲಿ ಬಣ್ಣ ಕೊಡುವುದು ಖನಿಜದ ಕಣವಲ್ಲ. ಸಿಲಿಕಾನ್ ಪರಮಾಣು ಇರಬೇಕಾದ ಸ್ಥಾನದಲ್ಲಿ ಅಲ್ಲೊಂದು ಇಲ್ಲೊಂದು ಕುಳಿತ ಕಬ್ಬಿಣದ ಪರಮಾಣುವಿನ ಮೇಲೆ ಸುತ್ತಲಿನ ಬಂಡೆಯ ಸಹಜ ವಿಕಿರಣ ಬಹುಕಾಲ ಬಿದ್ದು ಆ ಬಣ್ಣ ಬರುತ್ತದೆ. ಸುಮಾರು 400ರಿಂದ 500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದೇ ಹರಳು ಸಾಮಾನ್ಯವಾಗಿ ಹಳದಿಯಾಗುತ್ತದೆ. ಪೇಟೆಯಲ್ಲಿ ಸಿಟ್ರಿನ್ ಎಂದು ಮಾರುವ ಹರಳುಗಳಲ್ಲಿ ಬಹಳಷ್ಟು ಹೀಗೆ ಕಾಯಿಸಿದವು.

ಬೆಲೆಯ ಮಾತಿಗೆ ಬಂದರೆ, ಇಂಥ ಹರಳಿಗೆ ಪೇಟೆಯಲ್ಲಿ ಹೇಳಿಕೊಳ್ಳುವಂಥ ಬೆಲೆಯಿಲ್ಲ. ಮನೆಯ ಮಕ್ಕಳಿಗೆ ಕೊಡಿ. ಕತ್ತಲೆಯಲ್ಲಿ ಎರಡು ಬೆಣಚುಕಲ್ಲುಗಳನ್ನು ಬಲವಾಗಿ ಉಜ್ಜಿದರೆ ಒಳಗಿನಿಂದ ಮಂದ ಬೆಳಕು ಹೊಮ್ಮುತ್ತದೆ.