ಊರಿನ ಕಬಡ್ಡಿ, ಕಂಬಳದ ಫೋಟೊ ತೆಗೆದು ಪತ್ರಿಕೆ ಸೇರಬೇಕೆಂದಿದ್ದೇನೆ, ಯಾವ ಲೆನ್ಸ್ ಕೊಳ್ಳಲಿ?

ಡಿಗ್ರಿ ಮುಗಿದಿದೆ, ಕೈಯಲ್ಲೊಂದು ಹಳೆಯ ಡಿಎಸ್‌ಎಲ್‌ಆರ್ ಇದೆ, ಊರಿನ ಆಟಗಳ ಫೋಟೊ ತೆಗೆಯುತ್ತೀರಿ, ಪತ್ರಿಕೆಗೆ ಹೋಗಲು ಯಾವ ಲೆನ್ಸ್ ಬೇಕು ಎಂದು ಕೇಳಿದ್ದೀರಿ. ನಾನು ದಕ್ಷಿಣ ಕನ್ನಡದಲ್ಲಿ ಒಂದು ದಿನಪತ್ರಿಕೆಗೆ ಫೋಟೊ ತೆಗೆಯುವವನು. ಲೆನ್ಸಿನ ಉತ್ತರ ಚಿಕ್ಕದು: 70-200 ಎಂಎಂ, ಎಫ್/2.8, ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಬಿಡಬೇಡಿ. ಅಷ್ಟು ದುಡ್ಡಿಲ್ಲದಿದ್ದರೆ 85 ಎಂಎಂ ಎಫ್/1.8 ಒಂದರಲ್ಲೇ ಕಬಡ್ಡಿ ಸುಧಾರಿಸಬಹುದು. ಅಂಕಣವೇ 13 ಮೀಟರ್ ಉದ್ದ, 10 ಮೀಟರ್ ಅಗಲ. ಅದರೊಳಗೆ ಆಟಗಾರ ಎಷ್ಟು ದೂರ ಓಡಿಯಾನು? ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದ ಪ್ರಶ್ನೆ ಎರಡಿವೆ: ಎಲ್ಲಿ ಕೂರುವುದು, ಫೋಟೊದಲ್ಲಿರುವವರು ಯಾರೆಂದು ತಿಳಿಯುವುದು ಹೇಗೆ.

ಕಬಡ್ಡಿಯನ್ನೇ ತೆಗೆದುಕೊಳ್ಳಿ. ರೈಡರ್ ಒಳಗೆ ಹೋಗುವಾಗ ಅವನ ಮುಖ ಎದುರಾಳಿಗಳ ಕಡೆಗಿರುತ್ತದೆ. ಅವರ ಹಿಂದೆ, ಅಂಕಣದ ಮೂಲೆಯಲ್ಲಿ ಕೂತರೆ ಆ ಮುಖ, ಚಾಚಿದ ಕೈ, ಎದುರಾಳಿಗಳ ಬೆನ್ನು ಎಲ್ಲ ಒಂದೇ ಫ್ರೇಮಿಗೆ ಬರುತ್ತವೆ. ಆದರೆ ಅವನು ಸಿಕ್ಕಿಬಿದ್ದ ಕ್ಷಣಕ್ಕೆ ಎಲ್ಲ ತಿರುಗುಮುರುಗು. ನಾಲ್ಕು ಜನ ಮೇಲೆ ಬಿದ್ದಿರುತ್ತಾರೆ, ಇವನು ಮಧ್ಯಗೆರೆಯ ಕಡೆ ಹೊರಳಿ ಬೆರಳು ಚಾಚುತ್ತಿರುತ್ತಾನೆ, ಮೂಲೆಯಲ್ಲಿ ಕೂತ ನಿಮಗೆ ಹಿಮ್ಮಡಿ ಮತ್ತು ಚಡ್ಡಿ ಮಾತ್ರ ಕಾಣುತ್ತದೆ. ಆ ಚಿತ್ರ ಬೇಕಾದರೆ ಮಧ್ಯಗೆರೆಯ ಪಕ್ಕ ನೆಲಕ್ಕೆ ಕೂತು ಲೆನ್ಸನ್ನು ಮ್ಯಾಟ್‌ನ ಮಟ್ಟಕ್ಕೆ ಇಳಿಸಬೇಕು. ಎರಡೂ ಒಂದೇ ಜಾಗದಿಂದ ಸಿಗುವುದಿಲ್ಲ. ವಿರಾಮದ ನಂತರ ತಂಡಗಳು ಬದಿ ಬದಲಿಸುತ್ತವೆ, ಆ ಲೆಕ್ಕ ಮೊದಲೇ ಹಾಕಿಕೊಳ್ಳಿ. ಒಂದು ರೈಡ್ 30 ಸೆಕೆಂಡ್, ಅದರಲ್ಲಿ ಹೆಚ್ಚಿನ ಹೊತ್ತು ಏನೂ ಆಗುವುದಿಲ್ಲ. ಎರಡು ರೈಡ್ ಖಾಲಿ ಹೋಗಿ ಮೂರನೆಯ 'ಡು ಆರ್ ಡೈ', ಅಂದರೆ ಅಂಕ ತರದಿದ್ದರೆ ರೈಡರೇ ಔಟ್ ಆಗುವ ರೈಡ್ ಬಂತೆಂದರೆ ಮಾತ್ರ ಕ್ಯಾಮೆರಾ ಕಣ್ಣಿನಿಂದ ಇಳಿಸಬೇಡಿ, ಪಕ್ಕದವರು ಚಹಾ ಕೊಟ್ಟರೂ ಸಹ.

ನಮ್ಮ ಕಡೆ ಪಂದ್ಯಾಟಗಳು ಹೆಚ್ಚಿನವು ಹೊನಲು ಬೆಳಕಿನವು. ಕೆಲವು ಫ್ರೇಮು ಚೆನ್ನಾಗಿ ಬಂದು, ನಡುವೆ ಒಂದೊಂದು ಕಪ್ಪಗೋ ಹಳದಿಯಾಗಿಯೋ ಬಂದರೆ ಕ್ಯಾಮೆರಾ ಕೆಟ್ಟಿದೆ ಎಂದು ಅಂಗಡಿಗೆ ಓಡಬೇಡಿ. ನಮ್ಮ ಕರೆಂಟು 50 ಹರ್ಟ್ಸ್; ಅಗ್ಗದ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ, 1/1000 ಸೆಕೆಂಡಿನ ಶಟರಿಗೆ ಗೊತ್ತಾಗುತ್ತದೆ. ಹೊಸ ಕ್ಯಾಮೆರಾಗಳಲ್ಲಿ ಇದಕ್ಕೆ ಆ್ಯಂಟಿ ಫ್ಲಿಕರ್ ಇದೆ. ನಿಮ್ಮದರಲ್ಲಿ ಇಲ್ಲದಿದ್ದರೆ 1/500ಕ್ಕೆ ಇಳಿಸಿ ಒಂದರ ಹಿಂದೊಂದು ಮೂರು ನಾಲ್ಕು ಹೊಡೆಯಿರಿ, ಒಂದಾದರೂ ನಿಲ್ಲುತ್ತದೆ. ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಅಂದರೆ ಐಎಸ್‌ಒ, 6400ಕ್ಕೆ ಹೋಯಿತೆಂದು ಹೆದರುವುದು ಬೇಡ. ಪತ್ರಿಕೆಯ ಕಾಗದ ಕಾಳುಕಾಳನ್ನೆಲ್ಲ ನುಂಗಿಬಿಡುತ್ತದೆ. ಅಲುಗಿದ ಮುಖವನ್ನು ನುಂಗುವುದಿಲ್ಲ.

ಕಂಬಳದ ಕಥೆ ಬೇರೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶವೆಲ್ಲ ಸುದ್ದಿಯಾಯಿತಲ್ಲ, ಆಮೇಲೆ ಕರೆಯ, ಅಂದರೆ ಕೋಣ ಓಡುವ ಕೆಸರಿನ ಓಟದ ದಾರಿಯ, ಬದಿಯಲ್ಲಿ ಕ್ಯಾಮೆರಾಗಳದ್ದೇ ಜಾತ್ರೆ. ಎಲ್ಲರಿಗೂ ಬೇಕಾದದ್ದು ಓಟ ಮುಗಿಯುವ ತುದಿಯಾದ ಮಂಜೊಟ್ಟಿಯ ಹತ್ತಿರ ಎದುರಿನಿಂದ ನೀರು ಚಿಮ್ಮುವ ಚಿತ್ರ. ಚಂದವೇನೋ ಹೌದು. ಆದರೆ ಎದುರಿನಿಂದ ತೆಗೆದರೆ ಕೋಣ ಮತ್ತು ನೀರಿನ ಹಿಂದೆ ಓಡಿಸುವವ ಮಾಯವಾಗುತ್ತಾನೆ. ಜತೆಗೆ ಗುರಿ ಮುಟ್ಟಿದ ಮೇಲೂ ಕೋಣಗಳು ಅದೇ ಭರದಲ್ಲಿ ಬರುತ್ತವೆ, ಹಿಡಿಯುವವರಿಗೇ ಅಲ್ಲಿ ಜಾಗ ಸಾಲುವುದಿಲ್ಲ. ನಾನು ಮಂಜೊಟ್ಟಿಗಿಂತ ಸ್ವಲ್ಪ ಹಿಂದೆ, ಓರೆಯಾಗಿ ನಿಲ್ಲುತ್ತೇನೆ. 1/1600 ಇಟ್ಟರೆ ಹನಿಹನಿಯೂ ನಿಲ್ಲುತ್ತದೆ. ಮಧ್ಯಾಹ್ನದ ಬಿಸಿಲು ತೀರಾ ಕೆಟ್ಟದಿದ್ದರೆ ಪಕ್ಕದಿಂದ 1/60ಕ್ಕೆ ಇಳಿಸಿ ಕೋಣದ ಜತೆಗೇ ಕ್ಯಾಮೆರಾ ತಿರುಗಿಸುವುದೂ ಉಂಟು; ಹತ್ತರಲ್ಲಿ ಒಂಬತ್ತು ಕಸ, ಉಳಿದದ್ದು ಮುಖಪುಟ.

ಕನೆಹಲಗೆ ವಿಭಾಗದಲ್ಲಿ ವೇಗದ ಫೋಟೊ ತೆಗೆದು ಪ್ರಯೋಜನವೇ ಇಲ್ಲ. ಅಲ್ಲಿ ಕೋಣ ಎಳೆಯುವ ಹಲಗೆಯ ತೂತಿನಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯ ಬಟ್ಟೆಗೆ ಮುಟ್ಟಿತೇ ಎನ್ನುವುದೇ ತೀರ್ಪು. 6.5 ಕೋಲು, 7.5 ಕೋಲು (ಕೋಲು ಎಂದರೆ ಇಲ್ಲಿನ ಅಳತೆ) ಎತ್ತರಕ್ಕೆ ಅದನ್ನು ಕಟ್ಟಿರುತ್ತಾರೆ. ಕ್ಯಾಮೆರಾ ಉದ್ದಕ್ಕೆ ಹಿಡಿದು ಕೋಣ, ಹಲಗೆಯ ಮೇಲಿನವ, ನೀರು, ಬಟ್ಟೆ ನಾಲ್ಕೂ ಬರುವ ಹಾಗೆ ತೆಗೆಯಿರಿ. ಬಟ್ಟೆ ತುಂಡಾಗಿ ಹೊರಗುಳಿದ ಚಿತ್ರ ನೋಡಿ ನಮ್ಮ ಓದುಗ "ಇವನಿಗೆ ಕಂಬಳ ಗೊತ್ತಿಲ್ಲ ಮಾರಾಯ್ರೆ" ಎಂದು ಪುಟ ಮಗುಚುತ್ತಾನೆ.

ಇನ್ನೊಂದು ತಲೆನೋವು ಸಮಯದ್ದು. ಕಂಬಳ ರಾತ್ರಿಯಿಡೀ ನಡೆದು ಫೈನಲ್ ಆಗುವಾಗ ಮರುದಿನ ಬೆಳಕಾಗಿರುತ್ತದೆ. ಪುಟ ರಾತ್ರಿಯೇ ಮುಗಿದಿರುತ್ತದೆ. ಹಾಗಾಗಿ ಸಂಜೆಯೊಳಗೆ ಕಳಿಸಿದ್ದೇ ಅಚ್ಚಾಗುವುದು. ಸಂಜೆಯೊಳಗೆ ಖಂಡಿತ ನಡೆಯುವುದು ಯಾವುದು? ಉದ್ಘಾಟನೆ. ದೀಪ, ಶಾಲು, ಹನ್ನೆರಡು ಗಣ್ಯರು. ಅದನ್ನು ಬೈಯಬೇಡಿ, ತೆಗೆಯಿರಿ, ಸಂಘಟಕರ ಪರಿಚಯ ಆಗುವುದೇ ಅಲ್ಲಿ. ಆದರೆ ಅದರ ಜತೆ ಮೊದಲ ಸುತ್ತಿನ ಒಂದು ಓಟವನ್ನೂ ಕಳಿಸಿ, ಆಯ್ಕೆ ಡೆಸ್ಕಿನವರಿಗೆ ಬಿಡಿ. ವಾಟ್ಸ್‌ಆ್ಯಪಿನಲ್ಲಿ ಫೋಟೊ ಎಂದು ಕಳಿಸಿದರೆ ಅರ್ಧಕ್ಕರ್ಧ ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ.

ಈಗ ಹೆಸರಿನ ವಿಚಾರ. ನನ್ನ ಅಭಿಪ್ರಾಯದಲ್ಲಿ ಊರಿನ ಪತ್ರಿಕೆಯ ಫೋಟೊ ಅರ್ಧ ಕ್ಯಾಮೆರಾದಲ್ಲಿ, ಅರ್ಧ ಅಡಿಬರಹದಲ್ಲಿ ತಯಾರಾಗುತ್ತದೆ. ಕಂಬಳದ ಫಲಿತಾಂಶ ಬರುವುದು ಕೋಣದ ಯಜಮಾನರ ಹೆಸರಿನಲ್ಲಿ. ಒಬ್ಬರದ್ದೇ ಎರಡು ಜೋಡಿ ಇದ್ದರೆ 'ಎ', 'ಬಿ' ಎಂದು ಸೇರಿಸುತ್ತಾರೆ. ಕೆಳಗೆ "ಓಡಿಸಿದವರು" ಎಂದು ಇನ್ನೊಂದು ಹೆಸರು. ನಿಮ್ಮ ಚಿತ್ರದಲ್ಲಿರುವುದು ಆ ಎರಡನೆಯ ಹೆಸರು. ಅದನ್ನು ಕೇಳದೆ ಬಂದರೆ ಕೆಸರಲ್ಲಿ ಓಡಿದವನ ಚಿತ್ರದ ಕೆಳಗೆ ಮನೆಯಲ್ಲಿದ್ದ ಯಜಮಾನರ ಹೆಸರು ಬಂದೀತು. ಕರೆಗಳಿಗೂ ಹೆಸರಿದೆ: ಮೂಡುಬಿದಿರೆಯದು ಕೋಟಿ-ಚೆನ್ನಯ, ಐಕಳದ್ದು ಕಾಂತಾಬಾರೆ-ಬೂದಾಬಾರೆ. ಅದನ್ನು ತಪ್ಪಿದರೆ ಬೆಳಿಗ್ಗೆ ಆರಕ್ಕೇ ಫೋನು ಬರುತ್ತದೆ.

ಶಾಲಾ ಕ್ರೀಡಾಕೂಟಕ್ಕೆ ಹೋದರೆ ಮೊದಲು ಪಿ.ಟಿ. ಮಾಸ್ಟ್ರನ್ನು ಹಿಡಿಯಿರಿ. ಅವರ ಕೈಯಲ್ಲಿ ಮಕ್ಕಳ ಎದೆಯ ನಂಬರು, ಹೆಸರು, ಶಾಲೆ ಬರೆದ ಹಾಳೆ ಇರುತ್ತದೆ. ಆ ಹಾಳೆಯ ಫೋಟೊವನ್ನೇ ಮೊದಲು ತೆಗೆದಿಟ್ಟುಕೊಂಡರೆ ಸಂಜೆ ಯಾರನ್ನೂ ಹುಡುಕಿಕೊಂಡು ಅಲೆಯಬೇಕಿಲ್ಲ. ಸುಣ್ಣದ ಗೆರೆಯ ಮೇಲೆ ಬರಿಗಾಲಲ್ಲಿ ಓಡುವ ಹುಡುಗಿಯ ಚಿತ್ರ ಎಲ್ಲರೂ ತೆಗೆಯುತ್ತಾರೆ. ಆಕೆ ಯಾವ ಊರಿನವಳು, ಯಾವ ಶಾಲೆ ಎಂದು ಬರೆದವನ ಚಿತ್ರ ಆ ಶಾಲೆಯ ನೋಟಿಸ್ ಬೋರ್ಡಿಗೆ ಹೋಗುತ್ತದೆ. ಜಿಗಿಯುವಾಗ ಬಟ್ಟೆ ಸರಿದ ಚಿತ್ರ ಎಷ್ಟೇ ಚುರುಕಾಗಿದ್ದರೂ ಡೆಸ್ಕಿಗೆ ಕಳಿಸಬೇಡಿ. ಆ ಮಗು ನಾಳೆ ಅದೇ ಬಸ್ಸಿನಲ್ಲಿ ಹೋಗಬೇಕು, ನೀವೂ ಅದೇ ಬಸ್ಸಿನಲ್ಲಿರುತ್ತೀರಿ.

ಹಾಗೆಂದು ಎಲ್ಲವನ್ನೂ ಮುಚ್ಚಿಡುವುದೂ ಅಲ್ಲ. ಕಂಬಳಕ್ಕೆ ದಾರಿ ಮಾಡಿದ ರಾಜ್ಯದ 2017ರ ತಿದ್ದುಪಡಿಯನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಮೇ 18ರಂದು ಎತ್ತಿಹಿಡಿಯಿತು; ಆದರೆ ಕೋಣಕ್ಕೆ ಹಿಂಸೆ ಕೊಡಬಾರದು ಎಂಬ ಷರತ್ತು ಹಾಗೆಯೇ ಇದೆ. ಬೆತ್ತದ ಏಟು ಕಣ್ಣಿಗೆ ಬಿದ್ದರೆ ತೆಗೆಯಿರಿ. "ಅದೊಂದು ಡಿಲೀಟ್ ಮಾಡಿ ಅಣ್ಣ" ಎಂದು ಭುಜಕ್ಕೆ ಕೈ ಹಾಕುವವರು ಬರುತ್ತಾರೆ. ನಾನಂತೂ ಮಾಡುವುದಿಲ್ಲ. ಹಾಕುವುದು ಬಿಡುವುದು ಸಂಪಾದಕರ ಕೆಲಸ ಎಂದು ಹೇಳಿ ಮುಂದೆ ಹೋಗುತ್ತೇನೆ.

ಸಂಬಳದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಬೇಕು. ಕಾಯಂ ಫೋಟೊಗ್ರಾಫರ್ ಹುದ್ದೆ ಜಿಲ್ಲಾ ಕೇಂದ್ರದ ಆಚೆ ಅಪರೂಪ. ತಾಲೂಕಿನಲ್ಲಿ ವರದಿಗಾರನೇ ಫೋನಿನಲ್ಲಿ ಫೋಟೊ ತೆಗೆಯುತ್ತಾನೆ, ನಮ್ಮಂಥವರಿಗೆ ಫೋಟೊಕ್ಕಿಷ್ಟು ಎಂದು ಕೊಡುತ್ತಾರೆ. ನನ್ನ ಲೆನ್ಸಿನ ಕಂತು ಕಟ್ಟಿದ್ದು ಮದುವೆ ಆಲ್ಬಮ್ಮುಗಳು. ಇದು ಗೊತ್ತಿದ್ದೂ ಬರುವಿರಾದರೆ ಸಂಪಾದಕರಿಗೆ ದೊಡ್ಡ ಪೋರ್ಟ್‌ಫೋಲಿಯೊ ಕಳಿಸಬೇಡಿ, ಯಾರಿಗೂ ನೋಡಲು ಪುರುಸೊತ್ತಿಲ್ಲ. ನಿಮ್ಮೂರಿನ ಮುಂದಿನ ಪಂದ್ಯಾಟಕ್ಕೆ ಹೋಗಿ, ಆ ರಾತ್ರಿ ಒಂಬತ್ತರೊಳಗೆ ಹೆಸರು-ಊರು ಸಮೇತ ಮೂರೇ ಫೋಟೊ ಸ್ಥಳೀಯ ವರದಿಗಾರರಿಗೆ ಕಳಿಸಿ. ಅವರು ಅದರ ಮುಂದಿನ ಪಂದ್ಯಾಟಕ್ಕೆ ತಾವಾಗಿ ಫೋನ್ ಮಾಡಿದರೆ ಆಗ ಲೆನ್ಸಿಗೆ ದುಡ್ಡು ಹೊಂದಿಸಿ.