ನಮ್ಮ ಡಾಕ್ಟರು ಕ್ಲಿನಿಕ್ ಮುಚ್ಚುತ್ತಿದ್ದಾರೆ, ಮುಂದೇನು?

ಪ್ರಶ್ನೆ: ನನ್ನ ತಂದೆಗೆ, ನನಗೆ, ನನ್ನ ಮಗಳಿಗೆ, ಹೀಗೆ ಮೂರು ತಲೆಮಾರಿಗೆ ಔಷಧಿ ಕೊಟ್ಟ ನಮ್ಮೂರಿನ ಡಾಕ್ಟರಿಗೆ ಈಗ 76 ವರ್ಷ. ಯುಗಾದಿಯ ನಂತರ ಕ್ಲಿನಿಕ್ ಮುಚ್ಚುವುದಾಗಿ ಹೇಳಿದ್ದಾರೆ. ಅವರ ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ ತಜ್ಞವೈದ್ಯರು. ಹೊಸಬರು ಯಾರೂ ಇತ್ತ ಬರುವುದಿಲ್ಲವೇಕೆ? ತಾಯಿಯವರಿಗೆ ಬಿ.ಪಿ., ಸಕ್ಕರೆ ಕಾಯಿಲೆ ಎರಡೂ ಇವೆ. ನಾವೇನು ಮಾಡಬೇಕು?
— ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಮ್ಮ ಡಾಕ್ಟರು ವೃತ್ತಿ ಆರಂಭಿಸಿದ ಕಾಲದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದವರು ಊರೊಂದರಲ್ಲಿ ನೆಲೆನಿಂತು ಗೌರವದಿಂದ ಬಾಳಬಹುದಿತ್ತು. ಇಂದು ಅದೇ ಪದವಿ ಪಡೆದವರನ್ನು ಮನೆಯವರೂ ನೆಂಟರೂ ಮೊದಲು ಕೇಳುವುದು, ‘ಎಂ.ಡಿ. ಯಾವುದರಲ್ಲಿ?’ ಎಂದು. ದೊಡ್ಡ ಆಸ್ಪತ್ರೆಯ ವಾರ್ಡುಗಳಲ್ಲಿಯೇ ಕಲಿತ ಹುಡುಗರಿಗೆ ಒಂದು ಕುಟುಂಬವನ್ನು ವರ್ಷಗಟ್ಟಲೆ ನೋಡಿಕೊಳ್ಳುವ ವಿದ್ಯೆಯನ್ನು ಯಾರೂ ಹೆಚ್ಚೇನೂ ಕಲಿಸಿಲ್ಲ. ಕುಟುಂಬ ವೈದ್ಯಶಾಸ್ತ್ರದ ಸ್ನಾತಕೋತ್ತರ ಶಿಕ್ಷಣ ಬೆಳೆಯಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿಯೇ ಹೇಳಿದ್ದರೂ ನಮ್ಮ ಹೆಚ್ಚಿನ ವೈದ್ಯಕೀಯ ಕಾಲೇಜುಗಳಲ್ಲಿ ಅದಕ್ಕೊಂದು ವಿಭಾಗವೂ ಇಲ್ಲ. ಓದು ಮುಗಿಸಿದ ವೈದ್ಯರ ಕಡ್ಡಾಯ ಗ್ರಾಮೀಣ ಸೇವೆಗೆಂದು ರಾಜ್ಯವು 2012ರ ಕಾಯಿದೆಯನ್ನು ತಂದಿತು. ಆದರೆ ಒಂದು ವರ್ಷಕ್ಕೆಂದು ಬಂದವರು ಊರಿನವರ ಮುಖಪರಿಚಯ ಆಗುವಷ್ಟರಲ್ಲಿ ಹೊರಟುಬಿಡುತ್ತಾರೆ.

ಹಳಬರು ಹೋದಾಗ ಕಳೆದುಹೋಗುವುದು ಊರಿನ ನೆನಪು. ಕಾಡಿನ ಉಣ್ಣೆಗಳಿಂದ ಹರಡುವ, ಮಂಗಗಳನ್ನೂ ಕೊಲ್ಲುವ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಿಮ್ಮ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ. ಬೇಸಿಗೆಯಲ್ಲಿ ಜ್ವರವೆಂದು ಬಂದವರನ್ನು, ‘ತರಗೆಲೆ ತರಲು ಕಾಡಿಗೆ ಹೋಗಿದ್ದಿರಾ? ಅಲ್ಲೆಲ್ಲಾದರೂ ಮಂಗ ಸತ್ತಿತ್ತೇ?’ ಎಂದು ಕೇಳಲು ಮಲೆನಾಡಿನ ವೈದ್ಯರಿಗೆ ಯಾರೂ ನೆನಪಿಸಬೇಕಾಗಿಲ್ಲ. ದೂರದಿಂದ ಬಂದ ಹೊಸಬರಿಗೆ ಅದು ತಟ್ಟನೆ ಹೊಳೆಯಲಿಕ್ಕಿಲ್ಲ.

ಆದ್ದರಿಂದ ಯುಗಾದಿಗೆ ಕಾಯಬೇಡಿ. ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನೂ ಚೀಲದಲ್ಲಿರುವ ಹಳೆಯ ಚೀಟಿಗಳನ್ನೂ ತೆಗೆದುಕೊಂಡು, ತಾಯಿಯವರನ್ನು ಕರೆದೊಯ್ದು, ಡಾಕ್ಟರಿಂದ ಒಂದು ಪುಟ ಬರೆಸಿಕೊಳ್ಳಿ: ಕಾಯಿಲೆ ಎಂದಿನಿಂದ ಇದೆ, ಈಗ ಯಾವ ಔಷಧಿ ಎಷ್ಟು ಪ್ರಮಾಣದಲ್ಲಿ ನಡೆಯುತ್ತಿದೆ, ಯಾವುದು ಒಗ್ಗಲಿಲ್ಲ, ಯಾವುದನ್ನು ಏಕೆ ನಿಲ್ಲಿಸಿದರು. ಈ ಕೊನೆಯ ಎರಡು ಸಂಗತಿಗಳು ಯಾವ ರಕ್ತಪರೀಕ್ಷೆಯ ವರದಿಯಲ್ಲೂ ಸಿಗುವುದಿಲ್ಲ, ಹೆಚ್ಚಾಗಿ ಅವರ ತಲೆಯಲ್ಲಿ ಮಾತ್ರ ಇರುತ್ತವೆ. ಅದರ ಒಂದು ಪ್ರತಿಯನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಟ್ಟು ತಾಯಿಯವರ ಹೆಸರು ಬರೆಸಿ. ಬಿ.ಪಿ., ಸಕ್ಕರೆ ಕಾಯಿಲೆಯ ಸಾಮಾನ್ಯ ಮಾತ್ರೆಗಳನ್ನು ಅಲ್ಲಿ ಉಚಿತವಾಗಿ ಕೊಡುತ್ತಾರೆ. ಹೊಸ ವೈದ್ಯರು ಸಿಗುವವರೆಗೆ ಎಂದು ಮಾತ್ರೆಗಳನ್ನು ಒಂದು ದಿನವೂ ತಪ್ಪಿಸಬೇಡಿ.

ಊರಿನವರು ನಾಲ್ಕು ಜನ ಸೇರಿ ತಾಲ್ಲೂಕು ಆರೋಗ್ಯಾಧಿಕಾರಿಗಳನ್ನು ಕಾಣುವುದು ಅಗತ್ಯವೇ ಸರಿ. ಅದಕ್ಕೂ ಮೊದಲು ನಿಮ್ಮ ಡಾಕ್ಟರನ್ನೇ ಒಂದು ಮಾತು ಕೇಳಿ ನೋಡಿ: ಆರೋಗ್ಯ ಕೇಂದ್ರದ ಕಿರಿಯ ವೈದ್ಯರನ್ನು ಕ್ಲಿನಿಕ್ಕಿಗೆ ಕರೆಸಿಕೊಂಡು, ಒಂದೆರಡು ವಾರ ಜೊತೆಯಲ್ಲಿ ಕೂರಿಸಿಕೊಂಡು, ಹಳೆಯ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಪರಿಚಯಿಸಿಕೊಡಲು ಸಾಧ್ಯವೇ ಎಂದು.